ಪೆಟ್ಟಿಗೆಗೆ ಬಾಡಿಗೆ ಉಂಟು, ಕಿವಿಗೆ ಮಜೂರಿ ಎಲ್ಲಿ?

ಗದಗ-ಬೆಟಗೇರಿ ಅವಳಿ ನಗರದ ವ್ಯಾಪಾರದಲ್ಲಿ ಒಂದು ಒಳ್ಳೆಯ ಪದ್ಧತಿ ಬೇರೂರಿದೆ. ಸರಕಿನ ಬೆಲೆಯನ್ನೂ ಶ್ರಮದ ಬೆಲೆಯನ್ನೂ ಇಲ್ಲಿ ಬೆರೆಸುವುದಿಲ್ಲ. ಮಾರುಕಟ್ಟೆಯ ಪಟ್ಟಿಯಲ್ಲಿ ಮಾಲಿನ ದರ ಒಂದು ಸಾಲು, ಹಮಾಲಿ ಒಂದು ಸಾಲು, ದಲಾಲಿ ಮತ್ತೊಂದು ಸಾಲು. ಬೆಟಗೇರಿಯ ನೇಕಾರಿಕೆಯಲ್ಲಿ ನೂಲಿನ ಲೆಕ್ಕ ಬೇರೆ, ನೇಯ್ದವರ ಮಜೂರಿ ಬೇರೆ. ಮುದ್ರಣಕ್ಕೆ ಹೆಸರಾದ ಗದುಗಿನ ಮುದ್ರಣಾಲಯಗಳಲ್ಲಿ ಕಾಗದಕ್ಕೆ ಒಂದು ದರ, ಅಚ್ಚಿಗೆ ಒಂದು, ಬೈಂಡಿಂಗಿಗೆ ಇನ್ನೊಂದು. ಹೀಗೆ ಬಿಡಿಸಿ ಬರೆಯುವುದರಿಂದಲೇ ಯಾರಿಗೆ ಏನು ಸಲ್ಲಬೇಕೆಂಬುದು ಸ್ಪಷ್ಟವಾಗುತ್ತದೆ.

ಆದರೆ ಮದುವೆ, ಜಾತ್ರೆ, ಪ್ರವಚನ, ನಾಟಕ, ಸನ್ಮಾನ ಸಮಾರಂಭಗಳ ಖರ್ಚಿನ ಪಟ್ಟಿಯಲ್ಲಿ ಒಂದು ಬಾಬ್ತು ಮಾತ್ರ ಈ ಪದ್ಧತಿಯಿಂದ ಹೊರಗೇ ಉಳಿದಿದೆ. ಅದು "ಮೈಕ್ ಸೆಟ್" ಎಂಬ ಒಂದೇ ಸಾಲು. ಅದರೊಳಗೆ ಯಂತ್ರದ ಬಾಡಿಗೆ, ವಾಹನ, ಡೀಸೆಲ್, ಹುಡುಗರ ಕೂಲಿ ಎಲ್ಲವೂ ಅಡಗಿವೆ. ಸಂಜೆಯಿಂದ ನಡುರಾತ್ರಿಯವರೆಗೆ ಮಿಕ್ಸರಿನ ಮುಂದೆ ಕುಳಿತು, ಗಾಯಕರ ದನಿ ಕೊನೆಯ ಸಾಲಿನ ಶ್ರೋತೃವಿಗೂ ಮುಟ್ಟುವಂತೆ ನೋಡಿಕೊಂಡ ವ್ಯಕ್ತಿಯ ಕೌಶಲಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಧ್ವನಿ ತಂತ್ರಜ್ಞನ ಕೆಲಸವು ಗೌರವದ ವೃತ್ತಿಯಾಗಿ ಬೆಳೆಯದಿರುವುದಕ್ಕೆ ಕೇವಲ ತರಬೇತಿಯ ಕೊರತೆ ಕಾರಣವಲ್ಲ. ಲೆಕ್ಕ ಬರೆಯುವ ಕ್ರಮವೇ ಮುಖ್ಯ ಕಾರಣ.

ಕೇಳುವ ಪರಂಪರೆಯ ನಾಡು

ಈ ವೃತ್ತಿಗೆ ಇಲ್ಲಿ ನೆಲೆ ಇಲ್ಲವೆನ್ನಲಾಗದು. ಅಂಧರಿಗೂ ಅನಾಥರಿಗೂ ಸಂಗೀತ ವಿದ್ಯೆಯನ್ನು ಧಾರೆಯೆರೆದ ಪಂಚಾಕ್ಷರಿ ಗವಾಯಿಗಳು (1892-1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಗದುಗಿನಲ್ಲಿದೆ. ಆಶ್ರಮದ ವಿದ್ಯಾರ್ಥಿಗಳ ಅನ್ನ-ವಿದ್ಯೆಗೆ ನಾಟಕ ಕಂಪನಿಯ ಗಳಿಕೆಯೂ ಆಧಾರವಾಗಿತ್ತೆಂಬುದನ್ನು ಹಿರಿಯ ವರ್ತಕರು ಬಲ್ಲರು. ಭೀಮಸೇನ ಜೋಶಿಯವರ ಬಾಲ್ಯದ ಊರು ಇದೇ. ಗರುಡ ಸದಾಶಿವರಾಯರ ನಾಟಕ ಮಂಡಳಿಯ ಹೆಸರೂ ಗದುಗಿನೊಂದಿಗೆ ಬೆಸೆದುಕೊಂಡಿದೆ.

ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟರ ಎದೆಯ ಬಲವೇ ಬಲವಾಗಿತ್ತು. ಅನಂತರದ ಕಂಪನಿ ನಾಟಕಗಳಲ್ಲಿ ರಂಗದ ಮೇಲ್ಭಾಗದಿಂದ ಮೈಕುಗಳನ್ನು ತೂಗಿಬಿಡುವ ರೂಢಿ ಬಂದಿತು. ಪಾತ್ರಧಾರಿಗಳು ಅವುಗಳ ಕೆಳಗೆ ಬಂದು ನಿಂತು ಮಾತು ಹೇಳುತ್ತಿದ್ದರು. 1940ರಲ್ಲಿ ಆರಂಭಗೊಂಡ ದೆಹಲಿಯ ಅಹುಜಾ ಸಂಸ್ಥೆಯ ಹಾರ್ನುಗಳು ದೇಶದ ಹಳ್ಳಿ ಹಳ್ಳಿಗಳನ್ನು ತಲುಪಿದವು. ಆ ಹಾರ್ನು, ಒಂದು ಆಂಪ್ಲಿಫೈಯರು, ಎರಡು ಮೈಕು ಇದ್ದರೆ ಅಂಗಡಿ ತೆರೆದಂತೆ ಆಗುತ್ತಿತ್ತು. ಇಂದು ಮದುವೆ ಮಂಟಪಕ್ಕೂ ಡಿಜಿಟಲ್ ಮಿಕ್ಸರ್ ಬಂದಿದೆ. ಮಠದ ಪ್ರವಚನ ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರವಾಗುತ್ತದೆ. ಯಂತ್ರ ಮೂರು ತಲೆಮಾರು ಮುಂದೆ ಸಾಗಿದೆ. ಅದನ್ನು ನಡೆಸುವವನಿಗೆ ಮಾತ್ರ ಇನ್ನೂ "ಮೈಕಿನ ಹುಡುಗ" ಎಂಬ ಹೆಸರೇ ಉಳಿದಿದೆ.

ಗುಂಡಿ ತಿರುವುವುದಷ್ಟೇ ಕೆಲಸವಲ್ಲ

"ಗುಂಡಿ ತಿರುವುವವನಿಗೆ ಬೇರೆ ಹಣವೇಕೆ?" ಎಂಬ ಪ್ರಶ್ನೆ ಸಮಿತಿಗಳ ಸಭೆಯಲ್ಲಿ ಏಳುವುದು ಸಹಜ. ಕೆಲಸದ ಸ್ವರೂಪ ತಿಳಿದರೆ ಆ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ಬಯಲಿನಲ್ಲಿ ಧ್ವನಿಪೆಟ್ಟಿಗೆಯಿಂದ ದೂರ ಎರಡು ಪಟ್ಟಾದಂತೆ ಶಬ್ದದ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸರಿಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ ನಾಲ್ಕು ಪೆಟ್ಟಿಗೆ ಇದ್ದಲ್ಲಿ ಎಂಟು ಇಟ್ಟರೆ ಬಾಡಿಗೆ ಇಮ್ಮಡಿಯಾದೀತು, ಕೇಳುವ ಸುಖ ಇಮ್ಮಡಿಯಾಗದು. ಇರುವ ಪೆಟ್ಟಿಗೆಗಳನ್ನು ಯಾವ ಎತ್ತರದಲ್ಲಿ, ಯಾವ ಕೋನದಲ್ಲಿ, ಎಷ್ಟು ಅಂತರದಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವನು ಬಾಡಿಗೆಯನ್ನೂ ಉಳಿಸುತ್ತಾನೆ, ಡೀಸೆಲ್ಲನ್ನೂ ಉಳಿಸುತ್ತಾನೆ.

ಪ್ರತಿ ಸ್ಥಳದ ಸಮಸ್ಯೆಯೂ ಬೇರೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಂತಹ ಕಲ್ಲಿನ ಆವರಣದಲ್ಲಿ ಶಬ್ದ ಗೋಡೆಗೆ ಬಡಿದು ಮರಳುತ್ತದೆ. ಅಲ್ಲಿ ದನಿ ಏರಿಸಿದಷ್ಟೂ ಪ್ರತಿಧ್ವನಿಯೇ ಹೆಚ್ಚಿ ಮಾತು ಕಲಸಿಹೋಗುತ್ತದೆ. ಚಿಕ್ಕ ಪೆಟ್ಟಿಗೆಗಳನ್ನು ಶ್ರೋತೃಗಳ ಸಮೀಪದಲ್ಲಿರಿಸಿ ಮೆಲ್ಲಗೆ ನುಡಿಸುವುದೇ ಅಲ್ಲಿಗೆ ಹೊಂದುವ ಉಪಾಯ. ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆಯಲ್ಲಾಗಲಿ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯಲ್ಲಾಗಲಿ ಜನಸಾಗರ ದೂರದವರೆಗೆ ಹಬ್ಬಿರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ವೇದಿಕೆಯಿಂದ 34 ಮೀಟರ್ ಆಚೆ ನಿಲ್ಲಿಸಿದ ಪೆಟ್ಟಿಗೆಯ ಧ್ವನಿಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡಮಾಡಿ ಬಿಡಬೇಕು. ಇಲ್ಲವಾದರೆ ಹಿಂದೆ ಕುಳಿತವರಿಗೆ ಒಂದೇ ಮಾತು ಎರಡು ಬಾರಿ ಕೇಳಿಸುತ್ತದೆ. ಗಾಳಿಯಂತ್ರಗಳನ್ನೇ ತಿರುಗಿಸುವ ಕಪ್ಪತಗುಡ್ಡದ ಸುತ್ತಣ ಗಾಳಿ, ಮೈಕಿಗೆ ಸ್ಪಂಜಿನ ಹೊದಿಕೆಯನ್ನೂ ಪೆಟ್ಟಿಗೆಯ ಗೋಪುರಕ್ಕೆ ಭದ್ರವಾದ ಹಗ್ಗವನ್ನೂ ಬೇಡುತ್ತದೆ.

ಇನ್ನು ಸಂಗೀತ ಕಚೇರಿಯಲ್ಲಿ ತಬಲಾದ ಎಡಗೈ ನಾದ ಗಾಯಕರ ಮಂದ್ರವನ್ನು ನುಂಗಬಾರದು, ತಂಬೂರಿಯ ಝೇಂಕಾರ ಕಳೆದುಹೋಗಬಾರದು, ಗಾಯಕರಿಗೆ ತಮ್ಮ ದನಿ ತಮಗೆ ಕೇಳಿಸಬೇಕು. ಪ್ರವಚನದಲ್ಲಿ ವ್ಯಂಜನಗಳು ಸ್ಪಷ್ಟವಾಗಬೇಕು. ಮಾತಿನ ಸ್ಪಷ್ಟತೆಗೆ 2,000ದಿಂದ 4,000 ಹರ್ಟ್ಸ್ ನಡುವಣ ಭಾಗ ಬಹಳ ಮುಖ್ಯವಾದುದು. ಅಲ್ಲಿ ಕೊರತೆಯಾದರೆ ಸದ್ದು ಕೇಳಿಸುತ್ತದೆ, ಅರ್ಥ ತಿಳಿಯುವುದಿಲ್ಲ. ಅಲ್ಲಿಯೇ ಅತಿಯಾದರೆ ದನಿ ಕಿವಿಗೆ ಚುಚ್ಚುತ್ತದೆ. ಈ ವಿವೇಚನೆ ಪೆಟ್ಟಿಗೆಯಲ್ಲಿಲ್ಲ, ಕಿವಿಯಲ್ಲಿದೆ. ರಾಗ-ತಾಳಗಳ ಪರಿಚಯವಿರುವ ಕಿವಿಗಳು ಈ ಊರಿನಲ್ಲಿ ಹೇರಳವಾಗಿವೆ ಎಂಬುದೇ ಗದುಗಿನ ಬಂಡವಾಳ.

ಲೆಕ್ಕ ಹೇಳುವ ಸತ್ಯ

ಒಂದು ಮಾದರಿ ಲೆಕ್ಕವನ್ನು ಪರಿಶೀಲಿಸಬಹುದು. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ತಮ್ಮ ತಮ್ಮ ಅಂಕಿಗಳನ್ನು ಹಾಕಿ ಯಾರು ಬೇಕಾದರೂ ತಾಳೆ ನೋಡಬಹುದು.

ಒಬ್ಬ ಯುವಕ 8 ಲಕ್ಷ ರೂ. ಬೆಲೆಯ ಸೆಟ್ ಕೊಂಡಿದ್ದಾನೆ. 2 ಲಕ್ಷ ಕೈಯಿಂದ, 6 ಲಕ್ಷ ಸಾಲ. ಬಡ್ಡಿ ಶೇ. 12, ಅವಧಿ 3 ವರ್ಷ. ಮಾಸಿಕ ಕಂತು ಸುಮಾರು 19,930 ರೂ., ವರ್ಷಕ್ಕೆ ಸುಮಾರು 2,39,000 ರೂ. ವರ್ಷದಲ್ಲಿ 70 ಕಾರ್ಯಕ್ರಮ, ತಲಾ 8,000 ರೂ.ನಂತೆ ಒಟ್ಟು ಆದಾಯ 5,60,000 ರೂ. ವಾಹನ, ಡೀಸೆಲ್, ಇಬ್ಬರು ಸಹಾಯಕರ ಕೂಲಿ, ಊಟ ಸೇರಿ ಕಾರ್ಯಕ್ರಮಕ್ಕೆ 3,500 ರೂ.ನಂತೆ 2,45,000 ರೂ. ಖರ್ಚು. ದುರಸ್ತಿ ಮತ್ತು ಗೋದಾಮಿನ ಬಾಡಿಗೆ 40,000 ರೂ. ಉಳಿದದ್ದು 2,75,000 ರೂ. ಕಂತು ತುಂಬಿದ ಮೇಲೆ ಕೈಯಲ್ಲಿ ಉಳಿಯುವುದು 36,000 ರೂ., ಅಂದರೆ ತಿಂಗಳಿಗೆ 3,000 ರೂ.

ಕಂತಿನಲ್ಲಿ ಅಸಲೂ ಸೇರಿರುವುದರಿಂದ ಇದು ಪೂರ್ಣ ಚಿತ್ರವಲ್ಲವೆಂದು ಲೆಕ್ಕ ಬಲ್ಲವರು ಹೇಳಿಯಾರು. ಅದು ನಿಜ. ಮೊದಲ ವರ್ಷದ ಬಡ್ಡಿ ಸುಮಾರು 62,500 ರೂ., ಶೇ. 15ರಂತೆ ಸವಕಳಿ 1,20,000 ರೂ. ಇವೆರಡನ್ನು ಕಳೆದರೆ ಲೆಕ್ಕದ ಲಾಭ 92,500 ರೂ. ಕಾಗದದ ಮೇಲೆ ಲಾಭವೇ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಸಹಾಯಕರಿಬ್ಬರಿಗೂ ಕೂಲಿ ಸಂದಿದೆ, ಮಿಕ್ಸರಿನ ಮುಂದೆ ಕುಳಿತ ಮಾಲೀಕನಿಗೆ ಸಂದಿಲ್ಲ. ಅವನ ಕೌಶಲಕ್ಕೆ ಕಾರ್ಯಕ್ರಮವೊಂದಕ್ಕೆ 1,500 ರೂ. ಎಂದು ಹಿಡಿದರೂ 1,05,000 ರೂ. ಆಗುತ್ತದೆ. ಆಗ 92,500 ರೂ. ಲಾಭವು 12,500 ರೂ. ನಷ್ಟವಾಗಿ ತಿರುಗುತ್ತದೆ. ಅಂದರೆ ಅವನು ತನ್ನ ಮಜೂರಿಯನ್ನೇ ಸೇರಿಸಿ ಪೆಟ್ಟಿಗೆಯ ಬಾಡಿಗೆಯನ್ನು ಅಗ್ಗಗೊಳಿಸುತ್ತಿದ್ದಾನೆ. ತನ್ನ ಕೂಲಿಯನ್ನು ಹಿಡಿಯದೆ ದರ ಹೇಳುವವನು ಪಕ್ಕದ ಓಣಿಯಲ್ಲಿ ಇನ್ನೂ ಕಡಿಮೆ ಹೇಳುವವನನ್ನು ಹುಟ್ಟುಹಾಕುತ್ತಾನೆ. ಮೂರನೆಯ ವರ್ಷ ಸಾಲ ತೀರುವ ಹೊತ್ತಿಗೆ ಹೊಸ ಮಾದರಿ ಬಂದಿರುತ್ತದೆ, ಮತ್ತೆ ಸಾಲ.

ಪೆಟ್ಟಿಗೆಗೆ ಸವಕಳಿ ಉಂಟು, ಕಿವಿಗೆ ಸವಕಳಿಯ ಲೆಕ್ಕವಿಲ್ಲ. ಆದರೆ ಕಿವಿಯೂ ಸವೆಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್‌ನ ಶಿಫಾರಸಿನಂತೆ ದಿನಕ್ಕೆ 8 ತಾಸು ಕೇಳಬಹುದಾದ ಮಿತಿ 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ಡಿಜೆ ಮೆರವಣಿಗೆಯ ಪೆಟ್ಟಿಗೆಗಳ ಪಕ್ಕದಲ್ಲಿ ರಾತ್ರಿಯೆಲ್ಲ ನಡೆಯುವ ಹುಡುಗ ತನ್ನ ಮೂಲ ಬಂಡವಾಳವನ್ನೇ ಕರಗಿಸುತ್ತಿದ್ದಾನೆ. ನಲವತ್ತರ ವಯಸ್ಸಿಗೆ ಕಿವಿ ಮಂದವಾದ ತಂತ್ರಜ್ಞನಿಗೆ ಯಾವ ಬ್ಯಾಂಕೂ ಹೊಸ ಕಿವಿಗೆ ಸಾಲ ಕೊಡದು.

ಕಾನೂನು ಮತ್ತು ಜೀವರಕ್ಷಣೆ

ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ವಿನಾಯಿತಿ ನೀಡಬಹುದು. ಹಗಲಿನ ಮಿತಿ ವಾಣಿಜ್ಯ ಪ್ರದೇಶದಲ್ಲಿ 65, ವಸತಿ ಪ್ರದೇಶದಲ್ಲಿ 55 ಡೆಸಿಬಲ್. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದವು ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆಯಾದುದನ್ನು ದಾಟಬಾರದು. ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ ತಿಂಗಳಿನ ತೀರ್ಪಿನಲ್ಲಿ ಈ ನಿಯಮಗಳಿಗೆ ಇನ್ನಷ್ಟು ಬಲ ನೀಡಿತು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ "ಸ್ವಲ್ಪ ಜೋರು ಮಾಡು" ಎಂದು ಹೇಳುವವರು ಸಮಿತಿಯವರೇ, ಸೆಟ್ ಜಪ್ತಿಯಾದಾಗ ಠಾಣೆಯ ಮುಂದೆ ಒಬ್ಬನೇ ನಿಲ್ಲುವವನು ಮಾಲೀಕ. ಅಳತೆಯ ಉಪಕರಣ ಹಿಡಿದು "ಇದಕ್ಕಿಂತ ಹೆಚ್ಚು ಆಗದು" ಎಂದು ಹೇಳುವ ಅಧಿಕಾರ ತಂತ್ರಜ್ಞನಿಗಿರಬೇಕು. ಮಜೂರಿ ಪಡೆಯದವನ ಮಾತಿಗೆ ಅಂತಹ ತೂಕ ಬಾರದು.

ಇದಕ್ಕಿಂತ ಗಂಭೀರವಾದುದು ವಿದ್ಯುತ್ ಸುರಕ್ಷತೆ. ಕಂಬದಿಂದ ನೇರವಾಗಿ ಎಳೆದ ತಂತಿ, ಭೂಸಂಪರ್ಕವಿಲ್ಲದ ಜನರೇಟರು, ಒದ್ದೆ ನೆಲ, ಕೈಯಲ್ಲಿ ಲೋಹದ ಮೈಕು, ಇವೆಲ್ಲ ಸೇರಿದರೆ ವೇದಿಕೆಯ ಮೇಲೆಯೇ ಜೀವಹಾನಿಯಾಗಬಹುದು. ಸರಿಯಾದ ಭೂಸಂಪರ್ಕ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚಿನ ಖರ್ಚು ಒಂದು ಪೆಟ್ಟಿಗೆಯ ಬೆಲೆಯ ಮುಂದೆ ಅಲ್ಪ. ಆದರೆ ದರದ ಪೈಪೋಟಿಯಲ್ಲಿ ಮೊದಲು ಕಡಿತವಾಗುವುದು ಕಣ್ಣಿಗೆ ಕಾಣದ ಇಂತಹ ಖರ್ಚುಗಳೇ. ಅಗ್ಗದ ಸೆಟ್ ತಂದೆವೆಂದು ಹೆಮ್ಮೆಪಡುವ ಖಜಾಂಚಿಗಳು ಈ ಅಂಶವನ್ನು ಆಲೋಚಿಸುವುದು ಒಳಿತು.

ವೃತ್ತಿಯ ಮೆಟ್ಟಿಲುಗಳು

ಈ ವೃತ್ತಿಗೆ ಬರುವ ಯುವಕರು ಮೊದಲು ಸೆಟ್ ಕೊಳ್ಳುವ ಆತುರ ತೋರದಿರುವುದು ಲೇಸು. ಕೇಬಲ್ ಸುತ್ತುವುದು, ಜೋಡಣೆಗಳನ್ನು ಪರೀಕ್ಷಿಸುವುದು, ವೇದಿಕೆಯ ಮೇಲೆ ಮೈಕು ಇರಿಸುವುದು ಮೊದಲ ಮೆಟ್ಟಿಲು. ಕಲಾವಿದರಿಗೆ ಬೇಕಾದ ಮಾನಿಟರ್ ಧ್ವನಿಯನ್ನು ಹೊಂದಿಸುವುದು ಎರಡನೆಯದು. ಸಭಿಕರಿಗಾಗಿ ಮಿಶ್ರಣ ಮಾಡುವುದು ಮೂರನೆಯದು. ಸ್ಥಳ ನೋಡಿ ಇಡೀ ವ್ಯವಸ್ಥೆಯನ್ನು ಯೋಜಿಸುವುದು ಕೊನೆಯದು. ಐಟಿಐಯ ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಷಿಯನ್ ತರಬೇತಿಯೊಂದಿಗೆ ಕೆಲವು ವರ್ಷ ಸಂಗೀತದ ಅಭ್ಯಾಸ ಸೇರಿದರೆ ಗಟ್ಟಿ ಅಡಿಪಾಯವಾದಂತೆ. ಹೆಚ್ಚಿನ ವ್ಯಾಸಂಗ ಬಯಸುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ, ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಗಳು ಶಬ್ದಗ್ರಹಣದ ಶಿಕ್ಷಣಕ್ಕೆ ಹೆಸರಾಗಿವೆ. ಅಲ್ಲಿ ಕಲಿಸುವುದು ಮುಖ್ಯವಾಗಿ ಚಿತ್ರದ ಧ್ವನಿ. ಜೀವಂತ ವೇದಿಕೆಯ ವಿದ್ಯೆಯನ್ನು ವೇದಿಕೆಯ ಪಕ್ಕದಲ್ಲಿಯೇ ಕಲಿಯಬೇಕು.

ಗಳಿಕೆಯ ಋತುವನ್ನೂ ಅರಿತಿರಬೇಕು. ಜಾತ್ರೆ-ಮದುವೆಗಳ ಬೇಸಿಗೆ, ಶ್ರಾವಣದ ಪ್ರವಚನ, ಗಣೇಶ ಚತುರ್ಥಿ, ನವರಾತ್ರಿ, ನವೆಂಬರಿನ ರಾಜ್ಯೋತ್ಸವ, ಶಾಲೆಗಳ ವಾರ್ಷಿಕ ಸಮ್ಮೇಳನ, ಇವುಗಳ ನಡುವೆ ಆಷಾಢ ಮತ್ತು ಪಿತೃಪಕ್ಷದ ಬಿಡುವು. ಈ ಬಿಡುವಿನಲ್ಲಿ ಕಲ್ಯಾಣ ಮಂಟಪ, ಶಾಲೆ, ದೇವಸ್ಥಾನ, ಸಭಾಭವನಗಳಿಗೆ ಶಾಶ್ವತ ಧ್ವನಿ ವ್ಯವಸ್ಥೆ ಅಳವಡಿಸುವ ಹಾಗೂ ವಾರ್ಷಿಕ ನಿರ್ವಹಣೆಯ ಗುತ್ತಿಗೆಗಳನ್ನು ಹಿಡಿದವನ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುತ್ತದೆ. ಸ್ವಂತ ಸೆಟ್ ಇಲ್ಲದಿದ್ದರೂ ಕಿವಿ ಪಳಗಿದವನನ್ನು ಹುಬ್ಬಳ್ಳಿ-ಧಾರವಾಡದ ದೊಡ್ಡ ವ್ಯವಸ್ಥಾಪಕರು ದಿನಗೂಲಿಯ ಮೇಲೆ ಕರೆಯಬಲ್ಲರು. ಅಂತಹವನಿಗೆ ಸಾಲದ ಹೊರೆಯಿಲ್ಲ.

ಕಾಗದಪತ್ರಗಳನ್ನು ಅಲಕ್ಷಿಸಬಾರದು. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಸೇವಾ ಉದ್ದಿಮೆಗಳಿಗೂ ಅದು ಮುಕ್ತ. ನೋಂದಾಯಿತ ಕಿರು ಉದ್ದಿಮೆಗೆ ಸಲ್ಲಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲವಾದರೆ 15 ದಿನಗಳಲ್ಲಿ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ. ಸರ್ಕಾರಿ ಉತ್ಸವಗಳ ಬಿಲ್ಲಿನಲ್ಲಿ ಮೂಲದಲ್ಲಿಯೇ ಕಡಿತವಾದ ತೆರಿಗೆ ತಂತ್ರಜ್ಞನದೇ ಹಣ. ವಿವರಪಟ್ಟಿ ಸಲ್ಲಿಸದವನು ಅದನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ವರ್ತಕರ ಹೊಣೆ

ಈ ಬದಲಾವಣೆಯ ಕೀಲಿಕೈ ಇರುವುದು ವರ್ತಕರ ಕೈಯಲ್ಲಿಯೇ. ಜಾತ್ರಾ ಸಮಿತಿಯ ಖಜಾಂಚಿ, ಗಣೇಶ ಮಂಡಳಿಯ ಅಧ್ಯಕ್ಷ, ಶಾಲೆಯ ಆಡಳಿತ ಮಂಡಳಿಯ ಸದಸ್ಯ, ಮಗಳ ಮದುವೆ ಮಾಡುವ ತಂದೆ, ಇವರೆಲ್ಲ ಬಹುಮಟ್ಟಿಗೆ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳೇ.

ಮೊದಲನೆಯದಾಗಿ, ದರಪಟ್ಟಿಯನ್ನು ಎರಡು ಸಾಲುಗಳಲ್ಲಿ ಕೇಳಬೇಕು: ಉಪಕರಣಗಳ ಬಾಡಿಗೆ ಎಷ್ಟು, ಧ್ವನಿ ತಂತ್ರಜ್ಞನ ಮಜೂರಿ ಎಷ್ಟು. ಒಟ್ಟು ಮೊತ್ತ ಆರಂಭದಲ್ಲಿ ತುಸು ಏರಬಹುದು. ಆದರೆ ಅನವಶ್ಯಕ ಪೆಟ್ಟಿಗೆಗಳು ಇಳಿದಾಗ ಆ ಏರಿಕೆಯ ಒಂದು ಪಾಲು ಮರಳಿ ಬರುತ್ತದೆ. ಎರಡನೆಯದಾಗಿ, ಮುಂಗಡ, ಸಮಯ, ಶಬ್ದದ ಮಿತಿ, ವಿದ್ಯುತ್ ಸಂಪರ್ಕದ ಹೊಣೆ, ಪರವಾನಗಿಯ ಹೊಣೆ ಇವುಗಳನ್ನೊಳಗೊಂಡ ಒಂದು ಪುಟದ ಮಾದರಿ ಕರಾರನ್ನು ವಾಣಿಜ್ಯೋದ್ಯಮ ಸಂಸ್ಥೆಯೇ ಸಿದ್ಧಪಡಿಸಿ ಹಂಚಬಹುದು. ಮೂರನೆಯದಾಗಿ, ಕಾರ್ಯಕ್ರಮ ಮುಗಿದ ದಿನವೇ ಬಾಕಿ ತೀರಿಸುವ ಶಿಸ್ತು ಬರಬೇಕು. ಹಬ್ಬ ಮುಗಿದು ತಿಂಗಳು ಕಳೆದರೂ ಸಮಿತಿಯ ಬಾಗಿಲಿಗೆ ಅಲೆಯುವ ಮೈಕಿನವನ ಕಂತಿಗೆ ಬ್ಯಾಂಕು ಕಾಯುವುದಿಲ್ಲ.

ನಾಲ್ಕನೆಯದು ಸೆಟ್‌ಗಳ ಮಾಲೀಕರಿಗೇ ಸೇರಿದ ಮಾತು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದುದು 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಒಬ್ಬನಿಂದಾಗದುದು ಹತ್ತು ಜನರಿಂದ ಆದೀತೆಂಬ ಪಾಠವನ್ನು ಹೊರಗಿನವರು ಈ ನೆಲಕ್ಕೆ ಕಲಿಸಬೇಕಿಲ್ಲ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ದೊಡ್ಡ ಮಿಕ್ಸರು, ಸದ್ದಡಗಿಸಿದ ಜನರೇಟರು, ಜಾತ್ರೆಯ ಬಯಲಿಗೆ ತಕ್ಕ ಪೆಟ್ಟಿಗೆಗಳನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎಂಟು-ಹತ್ತು ಮಾಲೀಕರು ಒಗ್ಗೂಡಿ ಕೊಂಡು ಸರದಿಯಂತೆ ಬಳಸಬಹುದು. ಪ್ರತಿಯೊಬ್ಬನೂ ಪ್ರತ್ಯೇಕ ಸಾಲ ಮಾಡಿ ಒಂದೇ ಬಗೆಯ ಪೆಟ್ಟಿಗೆಗಳನ್ನು ಗೋದಾಮಿನಲ್ಲಿ ಧೂಳು ಹಿಡಿಸುವುದು ತಪ್ಪುತ್ತದೆ.

ಹತ್ತಾರು ಮನೆಗಳ ಯುವಕರು ಇಂದು ಈ ಕೆಲಸದಲ್ಲಿದ್ದಾರೆ. ಅವರು ಸಾಲದ ಕಂತಿಗಾಗಿ ಜೋರು ಸದ್ದನ್ನು ಮಾರುವವರಾಗಿ ಉಳಿಯಬೇಕೇ, ಒಳ್ಳೆಯ ಧ್ವನಿಯನ್ನು ಮಾರುವ ವೃತ್ತಿಪರರಾಗಿ ಬೆಳೆಯಬೇಕೇ ಎಂಬುದನ್ನು ಯಾವ ಸರ್ಕಾರಿ ಯೋಜನೆಯೂ ತೀರ್ಮಾನಿಸಲಾರದು. ಹಮಾಲನ ಕೂಲಿಯನ್ನು ಪಟ್ಟಿಯಲ್ಲಿ ಬೇರೆಯಾಗಿ ಬರೆಯುವ ಪೇಟೆಗೆ, ಕೇಳಿ ದುಡಿಯುವವನ ಮಜೂರಿಯನ್ನು ಬರೆಯಲು ಇನ್ನೊಂದು ಸಾಲು ಭಾರವಾಗಲಾರದು. ಬರುವ ಜಾತ್ರೆಯ ದರಪಟ್ಟಿಯಲ್ಲಿಯೇ ಆ ಸಾಲು ಮೂಡಲಿ.